ಸೀಟಿನ ಬಟ್ಟೆ, ಸಂಡೂರಿನ ಧೂಳು

ಚಿತ್ತವಾಡ್ಗಿ ಇಂದು ಹೊಸಪೇಟೆ ನಗರದೊಳಗೇ ಸೇರಿಹೋಗಿದೆ. ಊರಿನ ಒಂದು ಮಗ್ಗುಲಿಗೆ ವಿಜಯನಗರದ ಅರಸರ ಕಾಲದಿಂದ ಹರಿಯುತ್ತಿರುವ ಕಾಲುವೆಗಳ ನೀರು, ಆ ನೀರನ್ನು ನಂಬಿದ ಕಬ್ಬು, ಬಾಳೆ, ಭತ್ತ. ದಕ್ಷಿಣಕ್ಕೆ ತಿರುಗಿದರೆ ಸಂಡೂರಿನ ಕಬ್ಬಿಣದ ಗುಡ್ಡಗಳು. ವರ್ಷದ ಅರ್ಧ ಭಾಗ ಗುಡ್ಡದ ಕಡೆಯ ಒಣ ಧೂಳು, ಇನ್ನರ್ಧ ಕಾಲುವೆ ಬಯಲಿನ ತೇವ. ಬಟ್ಟೆಯನ್ನು ಶುದ್ಧವಾಗಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಕಷ್ಟದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ. ಕಾರಿನ ಸೀಟು, ಒಳಮಾಡಿನ ಬಟ್ಟೆ, ಕಾಲಡಿಯ ಹಾಸು ಇವುಗಳನ್ನು ಹೇಗೆ ಕಾಪಾಡಬೇಕೆಂಬುದು ಬೇರೆ ಊರುಗಳಲ್ಲಿ ಅಂದಚೆಂದದ ಮಾತಾಗಿರಬಹುದು; ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸವನ್ನು ಹಿಂಬಾಲಿಸಿದರೆ ಈ ನಾಡಿನ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದ ಒಂದು ಕ್ರಮ ಕಾಣುತ್ತದೆ: ಬಿಚ್ಚಿ ತೆಗೆಯಬಹುದಾದ ಬಟ್ಟೆಯನ್ನು ಒಗೆಯಬೇಕು, ತೆಗೆಯಲಾಗದ್ದನ್ನು ಒಣಗಿದ್ದಾಗಲೇ ಕೊಡವಬೇಕು. ಬಂಡಿಯಿಂದ ಕಾರಿನವರೆಗೆ ಈ ಕ್ರಮ ಮುರಿಯದೆ ಬಂತು. ಅದು ಮುರಿದದ್ದು ತೀರಾ ಈಚೆಗೆ, ಕಾರಿನೊಳಗೂ ನೊರೆ ಸುರಿಯುವ ರೂಢಿ ಬಂದ ಮೇಲೆ. ಹಳೆಯ ಕ್ರಮವೇ ಸರಿಯಿತ್ತೆಂಬುದು ಈ ಬರಹದ ವಾದ.

ಮೊದಲು ಧೂಳಿನ ಗುಣ ನೋಡಬೇಕು. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡು. ಹೊಲದ ಮರಳುಕಣಕ್ಕಿಂತ ಅದು ಸುಮಾರು ಎರಡು ಪಟ್ಟು ತೂಕದ್ದು. ಹಾಗಾಗಿ ಗಾಳಿ ನಿಂತೊಡನೆ ಕೆಳಗಿಳಿದು ಸೀಟಿನ ಹೊಲಿಗೆಯ ಸಂದಿಗೆ, ಬೆನ್ನಾಸರೆ ಮತ್ತು ಕೂರುವ ಭಾಗ ಕೂಡುವ ಮಡಿಕೆಗೆ, ಸೀಟು ಜಾರುವ ಹಳಿಗೆ, ನೆಲದ ಕಾರ್ಪೆಟ್ಟಿನ ಬುಡಕ್ಕೆ ಸೇರಿಕೊಳ್ಳುತ್ತದೆ. ಅದು ಗಟ್ಟಿ ಖನಿಜ. ಕೂತು ಏಳುವಾಗಿನ ತಿಕ್ಕಾಟದಲ್ಲಿ ನೂಲಿನ ಎಳೆಯನ್ನು ಉಜ್ಜುತ್ತ ಸವೆಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ನೀರಿನಲ್ಲಿ ಕರಗುವುದಿಲ್ಲ, ಸೋಪಿಗೂ ಬಗ್ಗುವುದಿಲ್ಲ. ಎಣ್ಣೆಯ ಜಿಡ್ಡನ್ನು ಸೋಪು ನೀರಿನೊಡನೆ ಬೆರೆಸಿ ಕೊಂಡೊಯ್ಯುತ್ತದೆ, ಸಕ್ಕರೆಯ ಕಲೆಯನ್ನು ನೀರೇ ಕರಗಿಸುತ್ತದೆ. ಅದಿರಿನ ಧೂಳು ಮಾತ್ರ ಒದ್ದೆಯಾದರೆ ಸಣ್ಣ ಕೆಸರಾಗಿ ಎಳೆಗಳ ನಡುವೆ ಇಳಿಯುತ್ತದೆ, ಒಣಗಿದ ಮೇಲೆ ಅಲ್ಲೇ ಬಣ್ಣವಾಗಿ ನಿಲ್ಲುತ್ತದೆ. ಇದು ಮೂಲತಃ ಬಣ್ಣವೇ. ಗುಡಿಯ ಗೋಡೆಗೆ ಬಳಿಯುವ ಕಾವಿಯ ಕೆಂಪೂ, ಹೊಳೆಯಾಚೆ ಗಂಗಾವತಿ ಸೀಮೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಬರೆದಿಟ್ಟ ಚಿತ್ರಗಳ ಕೆಂಪೂ ಇದೇ ಕಬ್ಬಿಣದ ಆಕ್ಸೈಡಿನದು. ಸಾವಿರಾರು ಮಳೆಗಾಲಗಳನ್ನು ದಾಟಿ ಬಂದ ಬಣ್ಣ ಒಂದು ಬಕೆಟ್ ಶಾಂಪೂ ನೀರಿಗೆ ಹೋದೀತೆಂದು ನಂಬಲು ಕಾರಣವಿಲ್ಲ. ಬ್ಲೀಚು ಹಾಕಿದರೂ ಕಬ್ಬಿಣದ ಕಲೆ ಹೋಗುವುದಿಲ್ಲ. ಆಕ್ಸಾಲಿಕ್ ಆಮ್ಲದಂಥವು ತುಕ್ಕಿನ ಕಲೆಯನ್ನು ಬಿಡಿಸಬಲ್ಲವು, ಆದರೆ ಅವು ವಿಷ, ಮೇಲಾಗಿ ಬಟ್ಟೆಯ ಬಣ್ಣವನ್ನೂ ಕೆಡಿಸುತ್ತವೆ. ಕಣವನ್ನು ಕಣವಾಗಿಯೇ, ಒಣಗಿದ್ದಾಗಲೇ ಎತ್ತಿ ತೆಗೆಯುವುದೊಂದೇ ದಾರಿ.

ಇದನ್ನು ಕಾರಿನ ಕಾಲದ ಜನ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಮೋಟಾರು ಬರುವ ಮುಂಚೆ ಈ ಸೀಮೆಯಲ್ಲಿ ಸಾಗಾಟದ ಜೊತೆ ಬದುಕಿದ ಬಟ್ಟೆಗಳು ಹಲವು. ಹೇರೆತ್ತುಗಳ ಮೇಲೆ ಉಪ್ಪು, ಕಾಳು ಹೊತ್ತು ತಿರುಗಿದ ಲಂಬಾಣಿಗಳು ಎತ್ತಿನ ಬೆನ್ನಿನ ಚೀಲಕ್ಕೂ ಅಲಂಕಾರದ ಹೊದಿಕೆಗೂ ದಪ್ಪ ಹತ್ತಿಬಟ್ಟೆಯ ಪದರಗಳನ್ನು ಒಟ್ಟಿಗಿಟ್ಟು ಒತ್ತೊತ್ತಾಗಿ ಹೊಲಿಗೆ ಹಾಕುತ್ತಿದ್ದರು. ಸಂಡೂರಿನ ಕುಶಲಕಲಾ ಕೇಂದ್ರದಲ್ಲಿ ಇಂದಿಗೂ ಉಳಿದಿರುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಲಂಬಾಣಿ ಕಸೂತಿಯ ಬೇರು ಅಲ್ಲಿದೆ. ಕನ್ನಡಿ, ಕವಡೆ, ನಾಣ್ಯ ಕೂಡಿಸಿದ ಅಂಥ ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆಯಲಾಗದು. ಸವಾರಿ ಬಂಡಿಯಲ್ಲಿ ಹಾಸುತ್ತಿದ್ದದ್ದು ಕಂಬಳಿ, ಅನುಕೂಲವಿದ್ದವರಿಗೆ ಜಮಖಾನ. ಬಳ್ಳಾರಿ, ಚಿತ್ರದುರ್ಗ ಸೀಮೆಯ ಕುರುಬರು ನೇಯುವ ಕರಿಕಂಬಳಿಗೆ ಹುಣಸೆಬೀಜದ ಸರಿ ಹಚ್ಚಿ ಗಟ್ಟಿ ಮಾಡುತ್ತಾರೆ. ಪದೇಪದೇ ನೀರಿಗೆ ಹಾಕಿದರೆ ಆ ಸರಿ ಹೋಗಿ ಕಂಬಳಿ ಜೋಲುತ್ತದೆ. ಹಾಗಾಗಿ ಅದನ್ನು ಇಬ್ಬರು ನಾಲ್ಕು ಮೂಲೆ ಹಿಡಿದು ಝಾಡಿಸುವುದು, ಹಗ್ಗದ ಮೇಲೆ ಹಾಕಿ ಕೋಲಿನಿಂದ ಬಡಿಯುವುದು, ಬಿಸಿಲಿಗೆ ಹರಡುವುದು, ಇಷ್ಟರಲ್ಲೇ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಪಂಚೆ, ಸೀರೆ, ದುಪ್ಪಟಿಗಳ ದಾರಿಯೇ ಬೇರೆ. ಅವು ಅಗಸರ ಗಂಟಿಗೆ ಸೇರಿ ಹೊಳೆಗೋ ಕಾಲುವೆಗೋ ಹೋಗುತ್ತಿದ್ದವು. ಚೌಳುಮಣ್ಣು, ಅಂಟುವಾಳ, ಉಬ್ಬೆ, ಒಗೆಯುವ ಕಲ್ಲು ಇವೆಲ್ಲ ಅವಕ್ಕಾಗಿ. ಎರಡು ವಿದ್ಯೆಗಳು ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿದ್ದವು, ಒಂದನ್ನು ಇನ್ನೊಂದರ ಜಾಗಕ್ಕೆ ಯಾರೂ ತರುತ್ತಿರಲಿಲ್ಲ. ಕಂಬಳಿಯನ್ನು ಒಗೆಯದಿರುವುದನ್ನು ಕೊಳಕುತನವೆಂದು ಬಗೆದವರು ಆ ಬಟ್ಟೆಯನ್ನು ಅರಿಯದವರು.

ಮೋಟಾರು ಗಾಡಿ ಈ ಸೀಮೆಯಲ್ಲಿ ಬೇರೂರಿದ್ದು ಎರಡು ದೊಡ್ಡ ಕೆಲಸಗಳ ಬೆನ್ನಲ್ಲಿ. ಒಂದು ತುಂಗಭದ್ರಾ ಅಣೆಕಟ್ಟು: 1945ರಲ್ಲಿ ಅಡಿಗಲ್ಲು, 1953ರಲ್ಲಿ ಕಾಲುವೆಗೆ ನೀರು. ಇನ್ನೊಂದು ಗಣಿ: ಸಂಡೂರು ಸಂಸ್ಥಾನ 1949ರಲ್ಲಿ ಭಾರತ ಒಕ್ಕೂಟದಲ್ಲಿ ವಿಲೀನವಾದ ಮೇಲೆ, 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು, ಮುಂದೆ ಎನ್‌ಎಂಡಿಸಿ ದೋಣಿಮಲೈನಲ್ಲಿ ಕಬ್ಬಿಣದ ಅದಿರು ತೆಗೆಯತೊಡಗಿತು. ಗುಡ್ಡದ ದಾರಿಗೆ ಜೀಪು, ಕಚೇರಿಯ ಸವಾರಿಗೆ ಅಂಬಾಸಿಡರ್. ಜೀಪಿನ ಮಾಡು ಕ್ಯಾನ್ವಾಸಿನದು, ಬಿಚ್ಚಿ ಕೊಡವಬಹುದಾದದ್ದು. ಅಂಬಾಸಿಡರ್ ಸೀಟಿಗೆ ರೆಕ್ಸಿನ್ ಹೊದಿಕೆ. ಧೂಳು ಅದರೊಳಕ್ಕೆ ಇಳಿಯದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಆದರೆ ಬಿಸಿಲಿನಲ್ಲಿ ನಿಂತ ಕಾರಿನ ರೆಕ್ಸಿನ್ ಮೇಲೆ ಕೂತವರಿಗೆ ತೊಡೆ ಸುಡುತ್ತದೆ, ಐದು ನಿಮಿಷದಲ್ಲಿ ಬೆನ್ನು ಬೆವೆತು ಅಂಗಿ ಅಂಟುತ್ತದೆ. ಅದಕ್ಕೆ ಜನ ಕಂಡುಕೊಂಡ ಪರಿಹಾರ ಬಿಳಿಯ ಟರ್ಕಿ ಟವೆಲು. ಸರ್ಕಾರಿ ಕಾರುಗಳ ಹಿಂದಿನ ಸೀಟಿನ ಮೇಲೆ ಹರಡಿರುತ್ತಿದ್ದ ಆ ಟವೆಲನ್ನು ಅಧಿಕಾರದ ಗುರುತೆಂದು ಓದುವುದು ರೂಢಿ. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಅದು ಅಷ್ಟೇ ಆಗಿದ್ದಿರಬಹುದು. ಅದಿರಿನ ಸೀಮೆಯಲ್ಲಿ ಮಾತ್ರ ಅದು ಶುಚಿತ್ವದ ಸಾಧನ: ಬೆವರನ್ನೂ ಧೂಳನ್ನೂ ತಾನೇ ಹಿಡಿದುಕೊಂಡು ಸಂಜೆಗೆ ತೊಳೆಯುವ ಕಲ್ಲಿಗೆ ಹೋಗುವ, ಮರುದಿನ ಸೀಟಿಗೆ ಮರಳುವ ಬಟ್ಟೆ. ಗಾಡಿಗೆ ಅಂಟಿಕೊಂಡದ್ದನ್ನು ಒರೆಸು, ಮೇಲೆ ಹಾಸಿದ್ದನ್ನು ಒಗೆ ಎಂಬ ಬಂಡಿಯ ಕಾಲದ ಕ್ರಮವೇ ಇಲ್ಲಿ ಮುಂದುವರಿದಿದೆ. ಕುಷನ್ ಅಂಗಡಿಗಳಲ್ಲಿ ಲಾಡಿ ಕಟ್ಟಿ ಹೊಲಿಸಿಕೊಳ್ಳುತ್ತಿದ್ದ ಹತ್ತಿಯ ಸೀಟ್ ಕವರಿನ ಹಿಂದೆ ಇರುವುದೂ ಅದೇ ವಿವೇಕ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಸೀಟಿನ ಕಥೆ ಬದಲಾಯಿತು. ಮಧ್ಯಮವರ್ಗದ ಕಾರಿಗೆ ಬಟ್ಟೆಯ ಸೀಟು ಮೆಲ್ಲನೆ ಸಾಮಾನ್ಯವಾಯಿತು. 1991ರ ನಂತರ ಬಂದ ಕಂಪನಿಗಳ ಕಾರುಗಳಲ್ಲಿ ಅದೇ ಪದ್ಧತಿ ಗಟ್ಟಿಯಾಯಿತು. ಈ ಬಟ್ಟೆ ಹತ್ತಿಯದಲ್ಲ, ಪಾಲಿಯೆಸ್ಟರಿನದು. ಹತ್ತಿಯ ನೂಲು ಗಾಳಿಯ ತೇವವನ್ನು ತನ್ನ ತೂಕದ ಶೇ. 8ರಷ್ಟು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಶೇ. 1 ಕೂಡ ಹಿಡಿಯುವುದಿಲ್ಲ. ಮೇಲ್ನೋಟಕ್ಕೆ ಇದು ಅನುಕೂಲವೇ: ಸೀಟು ಬೇಗ ಒಣಗಿದಂತೆ ಕಾಣುತ್ತದೆ. ಒಣಗುವುದು ಮೇಲಿನ ಬಟ್ಟೆ ಮಾತ್ರ. ಅದರ ಬೆನ್ನಿಗೆ ತೆಳುವಾದ ಸ್ಪಂಜಿನ ಪದರ ಅಂಟಿಸಿರುತ್ತದೆ, ಅದರಡಿ ಕೆಲವು ಇಂಚು ದಪ್ಪದ ಫೋಮ್. ಬಟ್ಟೆ ಬೇಡವೆಂದ ನೀರನ್ನೆಲ್ಲ ಫೋಮ್ ಕುಡಿಯುತ್ತದೆ. ಮಾಡಿನ ಒಳಬಟ್ಟೆಯ ಸ್ಥಿತಿ ಇನ್ನೂ ನಾಜೂಕು; ಅಲ್ಲಿ ಬಟ್ಟೆಯನ್ನು ಹಿಡಿದಿರುವುದು ಅಂಟು ಮತ್ತು ತೆಳುವಾದ ಸ್ಪಂಜು. ನೆನೆಸಿ ಉಜ್ಜಿದರೆ ಅಂಟು ಬಿಟ್ಟು ತಲೆಯ ಮೇಲೆ ಬಟ್ಟೆ ಜೋತುಬೀಳುತ್ತದೆ. ಬಂಡಿಯ ಕಂಬಳಿಯನ್ನು ಬಿಚ್ಚಿ ಝಾಡಿಸಬಹುದಿತ್ತು, ಅಂಬಾಸಿಡರಿನ ಟವೆಲನ್ನು ಒಗೆಯಬಹುದಿತ್ತು. ಸಾಗಾಟದ ಬಟ್ಟೆ ಗಾಡಿಯ ಮೈಗೇ ಅಂಟಿ, ತೆಗೆಯಲೂ ಆಗದೆ ಒರೆಸಲೂ ಆಗದೆ ಕೂತದ್ದು ಮೊದಲ ಬಾರಿಗೆ ಈಗಲೇ.

ಅಂಥ ಹೊತ್ತಿನಲ್ಲಿ ಅದಿರಿನ ವರ್ಷಗಳು ಬಂದವು. ಚೀನಾದ ಉಕ್ಕಿನ ಹಸಿವಿನಿಂದ 2003ರ ಆಸುಪಾಸಿನಿಂದ ಅದಿರಿನ ಬೆಲೆ ಏರತೊಡಗಿತು. ಸಂಡೂರು, ಕಾರಿಗನೂರು, ವ್ಯಾಸನಕೆರೆ, ಜಂಬುನಾಥ ಬೆಟ್ಟದ ಕಡೆಯಿಂದ ಲಾರಿಗಳ ಸಾಲು ಹೊಸಪೇಟೆಯನ್ನು ಹಾದು, ಆಗ 63 ಎಂಬ ಸಂಖ್ಯೆಯಿದ್ದ ಅಂಕೋಲಾ–ಗುತ್ತಿ ಹೆದ್ದಾರಿ ಹಿಡಿದು ಬೇಲೆಕೇರಿ, ಕಾರವಾರದ ಬಂದರುಗಳಿಗೆ ಇಳಿಯಿತು. ಮಿತಿಮೀರಿ ಹೇರಿದ ಆ ಲಾರಿಗಳ ವಿವರ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳಲ್ಲಿ ದಾಖಲಾಗಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಲ್ಲಿಯವರೆಗೆ ರಸ್ತೆಯಂಚಿನ ಮರ, ಮನೆ, ಜೋಳದ ಹೊಲ ಎಲ್ಲಕ್ಕೂ ಒಂದೇ ಬಣ್ಣ. ಈ ರಸ್ತೆಯಲ್ಲಿ ಓಡಾಡಿದ ಕಾರಿನೊಳಗೆ ಏನಾಯಿತೆಂಬುದನ್ನು ವರದಿ ಬರೆಯಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಆದರೆ ಊಹೆ ಕಷ್ಟವಲ್ಲ: ಲಾರಿಯ ಹಿಂದೆ ಗಾಜು ಏರಿಸಿ ಏಸಿಯಲ್ಲಿ ಒಳಗಾಳಿಯನ್ನೇ ತಿರುಗಿಸಿದರೂ ಬಾಗಿಲು ತೆರೆದಾಗೊಮ್ಮೆ ಒಳಬಂದ ಧೂಳು, ಚಪ್ಪಲಿಯಲ್ಲಿ ಬಂದ ಧೂಳು, ಅಂಗಿಯಲ್ಲಿ ಬಂದ ಧೂಳು ಒಳಗೇ ಸುತ್ತಿ ಸೀಟಿನಲ್ಲಿ ಇಳಿಯುತ್ತದೆ. ಮ್ಯಾಂಗನೀಸಿನ ಗಣಿಯ ಕಡೆ ಹೋಗಿಬರುವ ಗಾಡಿಗೆ ಕೆಂಪಿನ ಮೇಲೆ ಕಪ್ಪೂ ಸೇರುತ್ತದೆ.

ಈ ಧೂಳನ್ನು ತೆಗೆಯುವ ಕೆಲಸ ವಾಟರ್ ಸರ್ವಿಸ್ ಅಂಗಡಿಗಳದ್ದಾಯಿತು. ಅಲ್ಲಿ ಮೊದಲು ಬಳಕೆಗೆ ಬಂದದ್ದು ಏರ್ ಹೊಡೆಯುವ ಪದ್ಧತಿ: ಕಂಪ್ರೆಸರಿನ ಪೈಪು ಹಿಡಿದು ಗಾಳಿಯ ರಭಸದಿಂದ ಸಂದಿಯ ಧೂಳನ್ನು ಎಬ್ಬಿಸುವುದು. ಇದು ಒಣ ಪದ್ಧತಿ ಹೌದು, ಆದರೆ ಅರ್ಧ ಮಾತ್ರ. ಎದ್ದ ಧೂಳು ಬಾಗಿಲಿನಿಂದ ಒಂದಿಷ್ಟು ಹೊರಹೋಗಿ, ಉಳಿದದ್ದು ಇನ್ನೊಂದು ಸೀಟಿನ ಮೇಲೆ ಕೂರುತ್ತದೆ. 1901ರಲ್ಲಿ ಲಂಡನ್ನಿನಲ್ಲಿ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಕಂಡ ದೋಷ ಇದೇ. ಗಾಳಿ ಊದಿ ಧೂಳೆಬ್ಬಿಸುವ ಯಂತ್ರವೊಂದರ ಪ್ರದರ್ಶನ ನೋಡಿದ ಆತ, ಊದುವ ಬದಲು ಹೀರಬಾರದೇಕೆ ಎಂದು ಕೇಳಿದ. ಅದು ಆಗದ ಮಾತೆಂಬ ಉತ್ತರ ಬಂತು. ಆಮೇಲೆ ಹೋಟೆಲೊಂದರ ಕುರ್ಚಿಯ ಬಟ್ಟೆಗೆ ಕರವಸ್ತ್ರ ಒತ್ತಿ ಬಾಯಿಂದ ಗಾಳಿ ಎಳೆದು ನೋಡಿದ. ಕರವಸ್ತ್ರದಲ್ಲಿ ಧೂಳಿನ ಮುದ್ರೆ ಮೂಡಿತ್ತು. ವ್ಯಾಕ್ಯೂಮ್ ಕ್ಲೀನರು ಹುಟ್ಟಿದ್ದು ಹಾಗೆ, ಕೂರುವ ಬಟ್ಟೆಯ ಧೂಳನ್ನು ಹಿಡಿಯುವ ಯೋಚನೆಯಿಂದ. ಹೊಸಪೇಟೆಯ ಕಂಬಳಿ ಬಡಿಯುವ ವಿದ್ಯೆಗೂ ಬೂತನ ಹೀರುವ ವಿದ್ಯೆಗೂ ಜಗಳವಿಲ್ಲ, ಎರಡೂ ಸೇರಿದರೇ ಕೆಲಸ ಪೂರ್ತಿ. ಅಂಗೈಯಿಂದ ಸೀಟನ್ನು ಮೆಲ್ಲಗೆ ತಟ್ಟಿದರೆ ಫೋಮಿನೊಳಗಿನ ಕಣ ಮೇಲೆ ಬರುತ್ತದೆ. ಮೃದು ಎಳೆಯ ಬ್ರಷ್ಷನ್ನು ಹೊಲಿಗೆಯ ಉದ್ದಕ್ಕೆ, ಒಂದೇ ದಿಕ್ಕಿಗೆ ಆಡಿಸುತ್ತ ವ್ಯಾಕ್ಯೂಮಿನ ಮೂತಿಯನ್ನು ಬ್ರಷ್ಷಿಗೆ ಅಂಟಿಸಿಕೊಂಡೇ ಹಿಡಿಯಬೇಕು. ಮಾಡಿನಿಂದ ಶುರುಮಾಡಿ ಸೀಟಿಗೆ, ಸೀಟಿನಿಂದ ನೆಲಕ್ಕೆ ಇಳಿಯಬೇಕು. ತೂಕದ ಧೂಳು ಕೆಳಕ್ಕೇ ಬೀಳುವುದರಿಂದ ನೆಲದ ಸರದಿ ಕೊನೆಯದು. ಬ್ರಷ್ಷು ಆಡಿಸಿದಾಗ ಕೆಂಪು ಏಳುವುದು ನಿಲ್ಲುವವರೆಗೆ ನೀರಿನ ಹನಿಯೂ ಸೋಕಬಾರದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಈಗ ಶಾಂಪೂ ನೀರು ಚಿಮ್ಮಿಸಿ ಮರುಕ್ಷಣವೇ ಹೀರಿಕೊಳ್ಳುವ ಯಂತ್ರಗಳಿವೆ. ಬೆವರಿನ ಜಿಡ್ಡು, ಮಗು ಚೆಲ್ಲಿದ ಹಾಲು, ತಲೆಯೆಣ್ಣೆಯ ಕಲೆ ಬ್ರಷ್ಷಿಗೆ ಹೋಗುವುದಿಲ್ಲ. ಹೀಗಿರುವಾಗ ನೀರನ್ನು ದೂರವಿಡುವುದು ಹಳೆಯದರ ಮೋಹವಲ್ಲವೇ? ಜಿಡ್ಡಿಗೂ ಹಾಲಿಗೂ ನೀರು ಬೇಕೆಂಬುದನ್ನು ಒಪ್ಪಲೇಬೇಕು. ನನ್ನ ತಕರಾರು ಸರದಿಯ ಬಗ್ಗೆ ಮತ್ತು ಕಾಲದ ಬಗ್ಗೆ. ಧೂಳು ಇರುವಾಗಲೇ ನೊರೆ ಹಾಕಿದರೆ ಯಂತ್ರ ಹೀರುವ ನೀರು ಕೆಂಪಾಗಿ ಬರುತ್ತದೆ, ಗಿರಾಕಿಗೆ ತೃಪ್ತಿಯಾಗುತ್ತದೆ. ಹೀರಲಾಗದ ಕೆಸರು ಮಾತ್ರ ಫೋಮಿನ ಮೇಲ್ಪದರಕ್ಕೆ ಇಳಿದು, ಒಣಗುವಾಗ ನೀರಿನ ಜೊತೆ ಮತ್ತೆ ಮೇಲೇರಿ ಅಂಚುಗಟ್ಟಿದ ಕಲೆಯಾಗುತ್ತದೆ. ಜೊತೆಗೆ ಸೋಪಿನ ಅಂಶ ಪೂರ್ತಿ ಹೋಗದೆ ಎಳೆಯಲ್ಲಿ ಉಳಿದರೆ ಅದು ಅಂಟಾಗಿ ಮುಂದಿನ ಧೂಳನ್ನು ಕರೆದು ಹಿಡಿಯುತ್ತದೆ. ತೊಳೆಸಿದ ಹದಿನೈದು ದಿನಕ್ಕೇ ಸೀಟು ಮೊದಲಿಗಿಂತ ಕೊಳೆಯಾಗಿದೆ ಎಂಬ ದೂರಿನ ಕಾರಣ ಬಹುಮಟ್ಟಿಗೆ ಇದು. ಕಾಲದ ಮಾತೂ ಅಷ್ಟೇ ಮುಖ್ಯ. ನಲವತ್ತು ಡಿಗ್ರಿ ಮುಟ್ಟುವ ಏಪ್ರಿಲ್ ಬಿಸಿಲಿನಲ್ಲಿ ನಾಲ್ಕೂ ಬಾಗಿಲು ತೆರೆದಿಟ್ಟರೆ ನೆನೆದ ಫೋಮು ಒಂದು ಹಗಲಿನಲ್ಲಿ ಒಣಗೀತು. ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿರುವ ಆಗಸ್ಟಿನಲ್ಲಿ ಕಂಪ್ಲಿ ರಸ್ತೆಯ ಮಗ್ಗುಲಿಗೆ ಅದೇ ಕೆಲಸ ಮಾಡಿ ಗಾಜು ಏರಿಸಿದರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ, ವಾರದಲ್ಲಿ ಬೂಷ್ಟು. ಒಂದೇ ಯಂತ್ರ, ಒಂದೇ ಶಾಂಪೂ. ತಿಂಗಳು ಬೇರೆಯಾದರೆ ಫಲವೂ ಬೇರೆ.

ದಸರೆಯ ಹೊತ್ತಿನ ಒಂದು ಕಲೆ ಈ ವಾದವನ್ನು ಚೆನ್ನಾಗಿ ಪರೀಕ್ಷಿಸುತ್ತದೆ. ಮಹಾನವಮಿಯಂದು ಅರಸನ ಕುದುರೆ, ಆನೆಗಳನ್ನು ಸಿಂಗರಿಸಿ ಪೂಜಿಸುವುದನ್ನು ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹಂಪಿಯಲ್ಲಿ ಕಂಡು ಬರೆದಿಟ್ಟಿದ್ದಾನೆ. ಇಂದು ಆಯುಧಪೂಜೆಯ ದಿನ ಆ ಜಾಗದಲ್ಲಿ ಲಾರಿ, ಕಾರು, ಬೈಕುಗಳಿವೆ. ಗಾಡಿಯನ್ನು ಒಳಹೊರಗೆ ತೊಳೆಸುವ ವರ್ಷದ ದೊಡ್ಡ ದಿನವೂ ಅದೇ. ಸ್ಟಿಯರಿಂಗಿಗೆ ಹಚ್ಚಿದ ಅರಿಶಿನ ಕುಂಕುಮ ಸೀಟಿಗೆ ಬೀಳುತ್ತದೆ. ಅರಿಶಿನದ ಹಳದಿ ಕಲೆಗೆ ಕ್ಷಾರದ ಸೋಪು ಹಚ್ಚಿದರೆ ಅದು ಕೆಂಪಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಪುಡಿಯನ್ನು ಒಣಗಿದ್ದಾಗಲೇ ಕೊಡವಿ, ಉಳಿದ ಹಳದಿಯನ್ನು ಬಿಸಿಲಿಗೆ ಬಿಟ್ಟರೆ ಕೆಲ ದಿನಗಳಲ್ಲಿ ತಾನಾಗಿ ಮಾಸುತ್ತದೆ, ಏಕೆಂದರೆ ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಅರಿಶಿನದ ಕಲೆಯಾದ ಸೀರೆಯನ್ನು ಒಗೆದು ಬಿಸಿಲಿಗೆ ಹಾಕುವ ಮನೆಯ ಹೆಂಗಸರಿಗೆ ಇದು ಗೊತ್ತೇ ಇರುವ ಸಂಗತಿ. ಸರ್ವಿಸ್ ಅಂಗಡಿಗೆ ಆ ತಿಳಿವಳಿಕೆ ಇನ್ನೂ ದಾಟಿಲ್ಲ.

ಎರಡನೆಯ ಆಕ್ಷೇಪ: ಇಷ್ಟೆಲ್ಲ ಕಷ್ಟವೇಕೆ, ಮತ್ತೆ ರೆಕ್ಸಿನ್ ಹೊದಿಸಿದರೆ ಮುಗಿಯಿತಲ್ಲ? ಬಹಳ ಜನ ಹಾಗೇ ಮಾಡುತ್ತಿದ್ದಾರೆ, ಕೃತಕ ಚರ್ಮದ ಬಿಗಿ ಕವರು ಹೊಸ ಕಾರಿನ ಮೊದಲ ಖರ್ಚಾಗಿಬಿಟ್ಟಿದೆ. ಬಾಡಿಗೆಗೆ ಓಡುವ ಗಾಡಿಗೆ ಅದೇ ಸರಿಯೆಂದು ನನಗೂ ಅನಿಸುತ್ತದೆ. ಆದರೆ ಆ ಕವರಿನ ಹೊಲಿಗೆಯ ತೂತುಗಳಲ್ಲಿ ಧೂಳು ಇಳಿಯುತ್ತಲೇ ಇರುತ್ತದೆ, ಈಗ ಅದು ಕಣ್ಣಿಗೆ ಕಾಣದ ಕಡೆ, ಕವರಿಗೂ ಮೂಲ ಬಟ್ಟೆಗೂ ನಡುವೆ ಸೇರುತ್ತದೆ. ಬಿಗಿಯಾಗಿ ಕಟ್ಟಿದ್ದರಿಂದ ಬಿಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ಬೆವರು ಹೀರದ, ಬಿಸಿಲಿಗೆ ಬಿರಿಯುವ ಅದರ ಹಳೆಯ ದೋಷ ಹಾಗೆಯೇ ಇದೆ. ಸುಲಭವಾಗಿ ತೆಗೆದು ಒಗೆಯಬಹುದಾದ ಸಡಿಲ ಹತ್ತಿಯ ಕವರು, ತಿಂಗಳಿಗೊಮ್ಮೆ ಅದನ್ನು ತೆಗೆದಾಗ ಕೆಳಗಿನ ಸೀಟನ್ನು ಒಣಗಿದ್ದಾಗಲೇ ಕೊಡವುವ ರೂಢಿ: ಟವೆಲಿನ ಕಾಲದ ಈ ಏರ್ಪಾಟಿಗಿಂತ ಉತ್ತಮವಾದದ್ದನ್ನು ಕೃತಕ ಚರ್ಮ ಕೊಟ್ಟಿಲ್ಲ.

ಅದಿರಿನ ಅಬ್ಬರ ಮುಗಿದ ಮೇಲೆ ಈ ಮಾತೇಕೆ ಎಂದೂ ಕೇಳಬಹುದು. ಲಾರಿಗಳ ಸಾಲು ಕರಗಿದೆ ನಿಜ. ಸುಪ್ರೀಂ ಕೋರ್ಟಿನ 2013ರ ಏಪ್ರಿಲಿನ ತೀರ್ಪು ಅಕ್ರಮ ಎಸಗಿದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು, ಉತ್ಪಾದನೆಗೆ ಮಿತಿ ಬಂತು. ಗಣಿ ನಿಂತಿಲ್ಲ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಹೋಗುತ್ತಲೇ ಇದೆ. ಗಣಿಬಾಧಿತ ಪ್ರದೇಶವನ್ನು ಸರಿಪಡಿಸಲು ಕೋರ್ಟಿನ ಆದೇಶದಂತೆ ಸಂಗ್ರಹವಾದ ಹಣ ರಸ್ತೆ, ರೈಲು, ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆ ಮೀಸಲು. ಅದು ಸರಿಯೇ. ಆದರೆ ಧೂಳು ಒರೆಸಿದ ಕೈಗಳ ದುಡಿಮೆ, ಮನೆಯಲ್ಲಿ ದಿನಕ್ಕೆರಡು ಸಲ ಕಸ ಹೊಡೆದದ್ದು, ಸರ್ವಿಸ್ ಅಂಗಡಿಯಲ್ಲಿ ಹುಡುಗರು ಏರ್ ಹೊಡೆದದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಗಣಿಯೊಳಗೆ ನೀರು ಚಿಮುಕಿಸಿ ಧೂಳು ಅಡಗಿಸುವ ನಿಯಮವಿದೆ, ಕಾರ್ಮಿಕರ ಶ್ವಾಸಕೋಶದ ತಪಾಸಣೆಗೂ ನಿಯಮವಿದೆ. ಅದೇ ಧೂಳು ಕಾರಿನ ಸೀಟಿನಲ್ಲಿ ಕೂತು ಊರಿಗೆ ಬಂದು, ಮುಚ್ಚಿದ ಡಬ್ಬಿಯಂಥ ಜಾಗದಲ್ಲಿ ಕಂಪ್ರೆಸರಿನ ಗಾಳಿಗೆ ಒಟ್ಟಿಗೇ ಏಳುವಾಗ ಅದನ್ನು ಉಸಿರಾಡುವ ಹುಡುಗನಿಗೆ ಮೂಗಿಗೆ ಕಟ್ಟಿದ ಕರ್ಚೀಪೇ ಗತಿ. ಒಣ ಪದ್ಧತಿ ಬೇಕೆನ್ನುವವರು ಇದಕ್ಕೆ ಉತ್ತರ ಕೊಡಲೇಬೇಕು. ಉತ್ತರ ದುಬಾರಿಯದಲ್ಲ: ಕಾರಿನ ಒಳಗೆ ಏರ್ ಹೊಡೆಯುವುದನ್ನು ಬಿಟ್ಟು ಬ್ರಷ್ಷು ಮತ್ತು ವ್ಯಾಕ್ಯೂಮ್ ಹಿಡಿಯುವುದು, ಸಣ್ಣ ಕಣ ತಡೆಯುವ ಮುಖಗವಸನ್ನು ಅಂಗಡಿಯ ಮಾಲೀಕರೇ ಕೊಡುವುದು, ವ್ಯಾಕ್ಯೂಮಿನ ಚೀಲವನ್ನು ರಸ್ತೆಗೆ ಕೊಡವದೆ ನೀರು ತುಂಬಿದ ಬಕೆಟ್ಟಿಗೆ ಬಗ್ಗಿಸುವುದು. ಗಾಡಿ ತಂದವರು ಕಾಯಬೇಕಾಗುವುದು ಇನ್ನೊಂದರ್ಧ ಗಂಟೆ, ಆ ಹೊತ್ತಿನ ಕೂಲಿಯನ್ನು ಅವರೇ ಕೊಡಬೇಕು.